ಸಹಾಯ ಬೇಕು: ಬಗ್ಗಿದರೆ ಕೈ ಮೊಣಕಾಲು ದಾಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ದಿನಕ್ಕೆ 9 ಗಂಟೆ ಕುರ್ಚಿಯಲ್ಲೇ ಕೆಲಸ. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು, ಬಗ್ಗಿದರೆ ತೊಡೆಯ ಹಿಂಭಾಗ ಹಗ್ಗದಂತೆ ಬಿಗಿಯುತ್ತದೆ. ಮಗಳು ಆಟಕ್ಕೆ ಕರೆದಾಗ ಕೆಳಗೆ ಕೂರಲು ಹಿಂಜರಿಯುತ್ತೇನೆ, ಅದೇ ಹೆಚ್ಚು ಸಂಕಟ.

ಮೂರು ವಾರದಿಂದ ಸ್ಟ್ರೆಚಿಂಗ್ ಮಾಡುತ್ತಿದ್ದೇನೆ. ಮೊದಲು 5 ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡು, ಒಂದೊಂದನ್ನೂ 30 ಸೆಕೆಂಡ್ ಅಲುಗಾಡದೆ ಹಿಡಿಯುತ್ತೇನೆ. ಭುಜ ಸಡಿಲವಾಗಿದೆ, ಸೊಂಟ ಮಾತ್ರ ಜಗ್ಗುತ್ತಿಲ್ಲ. ಎಡಗಾಲಲ್ಲಿ ಒಮ್ಮೊಮ್ಮೆ ಮೊಣಕಾಲಿನ ಕೆಳಗೂ ಜುಮ್ಮೆನ್ನುತ್ತದೆ. ನರದ ತೊಂದರೆ ಇರಬಹುದೆಂಬ ಭಯಕ್ಕೆ, ಫಿಸಿಯೋಥೆರಪಿಸ್ಟ್ ನೋಡುವವರೆಗೆ ಆ ಕಾಲಿನ ಸ್ಟ್ರೆಚ್ ನಿಲ್ಲಿಸಿದ್ದೇನೆ.

ಇಂಥ ಬಿಗಿತದಿಂದ ಹೊರಬಂದವರು ಇದ್ದರೆ ದಯವಿಟ್ಟು ಹೇಳಿ. ಕೆಲಸದ ನಡುವೆ ಸೊಂಟದ ಮುಂಭಾಗ ಸಡಿಲಿಸಲು ಏನು ಮಾಡುತ್ತಿದ್ದಿರಿ? ಎಷ್ಟು ವಾರಕ್ಕೆ ವ್ಯತ್ಯಾಸ ಗೊತ್ತಾಯಿತು?