ಕೈ ಮುಗಿದ್ರೆ ಬೆರಳು ಕೂಡ್ತಿಲ್ಲ: ಶುಗರಿಂದಲೋ, ಬೀಡಿಯಿಂದಲೋ?

ಮೂಡಿಗೆರೆ ರೈಟರ್
ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ದೀನಿ, ವಯಸ್ಸು 54. ಶುಗರ್ ಬಂದು ಹತ್ತು ವರ್ಷದ ಮೇಲಾಯ್ತು. ಬೀಡಿ ಅದಕ್ಕಿಂತ ಹಳೇದು. ಈಗ ಕೈ ಮುಗಿದ್ರೆ ಬೆರಳುಗಳ ಮಧ್ಯೆ ಸಂದಿ, ಅಂಗೈ ಅಂಟಲ್ಲ. ಎಡ ಭುಜ ಹಿಡ್ಕೊಂಡು ಅಂಗಿ ತೋಳು ಹಾಕೋಕೆ ಮನೆಯವಳನ್ನ ಕರೀಬೇಕು. ಆಳುಗಳ ಹಾಜರಿ ಪುಸ್ತಕ, ಚೆಕ್‌ರೋಲ್ ಬರೆಯುವಾಗ ಪೆನ್ನು ಜಾರುತ್ತೆ. ತೋಟದಲ್ಲಿ ಯಾರನ್ನ ಕೇಳಿದ್ರೂ "ಮಳೆ, ಶೀತ, ವಾತ" ಅಂತಾರೆ. ಡಾಕ್ಟ್ರು ಬೀಡಿ ಬಿಡಿ ಅಂದ್ರು, ಕಣ್ಣೂ ತೋರಿಸಿ ಅಂದ್ರು. ಎದೆಗೆ ಕೆಟ್ಟದ್ದು ಅಂದ್ರೆ ಒಪ್ತೀನಿ. ಬೆರಳಿಗೂ ಕಣ್ಣಿಗೂ ಹೊಗೆಗೂ ಎಲ್ಲಿಯ ನಂಟು? ಬೈಯೋದಿದ್ರೆ ಬರೀಬೇಡಿ, ಮನೇಲೇ ಬೇಕಾದಷ್ಟು ಸಿಗುತ್ತೆ.

ಸಕಲೇಶಪುರದವ
ನಮ್ಮ ತಾತ ಕೊನೇವರೆಗೂ ಬೀಡಿ ಸೇದಿದ್ರು, ಕನ್ನಡಕ ಇಲ್ದೆ ಪೇಪರ್ ಓದ್ತಿದ್ರು. ಎಲ್ಲ ಶುಗರ್ ಆಟ ಸಾರ್.

ಹಾಸನದ ನಿವೃತ್ತ ನರ್ಸಮ್ಮ
ತಾತನಿಗೆ ಶುಗರ್ ಇತ್ತೇನಪ್ಪಾ? ಅದನ್ನ ಮೊದ್ಲು ಹೇಳು.

ರೈಟ್ರೇ, ನಾನು ಕಣ್ಣಿನ ವಾರ್ಡಲ್ಲೇ ವರ್ಷಗಟ್ಟಲೆ ಇದ್ದವಳು. ಚರ್ಮ, ಕೀಲಿನ ಸುತ್ತಲ ಚೀಲ ಇವೆಲ್ಲ ಬಹುಪಾಲು ಕೊಲಾಜೆನ್ ಅನ್ನೋ ಪ್ರೋಟೀನಿನ ಎಳೆಗಳು. ಸಕ್ಕರೆ ಬಹಳ ಕಾಲ ಮೇಲಿದ್ರೆ ಅದು ಈ ಎಳೆಗಳಿಗೆ ಅಂಟಿ, ಒಂದಕ್ಕೊಂದು ಗಂಟು ಹಾಕಿ ಬಿರುಸು ಮಾಡುತ್ತೆ. ನೀವು ಕೈ ಮುಗಿದು ನೋಡಿದ್ರಲ್ಲ, ಡಾಕ್ಟ್ರುಗಳೂ ಹಾಗೇ ಪರೀಕ್ಷೆ ಮಾಡೋದು. ತಂಬಾಕಿನ ಹೊಗೆಯಲ್ಲೂ ಇಂಥದೇ ಗಂಟು ಹಾಕೋ ವಸ್ತುಗಳಿವೆ. ನಿಕೋಟಿನ್ ರಕ್ತನಾಳ ಬಿಗಿಸುತ್ತೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತೆ. ಬೆರಳು ಬಿಗಿದವರಲ್ಲಿ ಕಣ್ಣಿನ ಒಳಪರದೆ ರೆಟಿನಾದ ತೊಂದರೆಯೂ ಹೆಚ್ಚಾಗಿ ಕಾಣೋದ್ರಿಂದ ಡಾಕ್ಟ್ರು ಕಣ್ಣಿನ ಮಾತೆತ್ತಿದ್ದು.

ಒಂದು ವಿಷಯ ಮುಚ್ಚಿಟ್ರೆ ತಪ್ಪಾಗುತ್ತೆ. ದೇಹದಲ್ಲಿ ಇನ್ಸುಲಿನ್ನೇ ಹುಟ್ಟದ ಟೈಪ್ 1 ಶುಗರ್ ಇರೋ ಸೇದುವವರಲ್ಲಿ ರೆಟಿನೋಪತಿ, ಅಂದ್ರೆ ಶುಗರಿಂದ ಬರೋ ಆ ರೆಟಿನಾ ತೊಂದರೆ, ಹೆಚ್ಚು. ನಿಮ್ಮಂಥ, ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಬರೋ ಟೈಪ್ 2ರಲ್ಲಿ ಲೆಕ್ಕ ಅಷ್ಟು ನೇರ ಇಲ್ಲ. ಟೈಪ್ 2ರವರ ಮೇಲೆ ಬ್ರಿಟನ್ನಲ್ಲಿ ನಡೆದ ಯುಕೆಪಿಡಿಎಸ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಸೇದುವವರಿಗೆ ಅದು ಕಮ್ಮಿಯೇ ಕಂಡಿತ್ತು. ಹಾಗಂತ ಬೆಂಕಿಪೊಟ್ಟಣ ಹುಡುಕಬೇಡಿ! ಕಣ್ಣಿನ ಪೊರೆ, ವಯಸ್ಸಾದ ಮೇಲೆ ರೆಟಿನಾದ ನಡುಭಾಗ ಮ್ಯಾಕ್ಯುಲಾ ಸವೆಯೋದು, ಎರಡನ್ನೂ ಹೊಗೆ ಹೆಚ್ಚಿಸುತ್ತೆ. ಪೊರೆ ಶುಗರಿನವರಿಗೆ ಹೇಗೂ ಬೇಗ ಬರುತ್ತೆ. ಇನ್ನು ಕಾಲು: ಶುಗರ್, ಬೀಡಿ ಸೇರಿ ಪಾದಕ್ಕೆ ರಕ್ತ ಹರಿಯೋದು ಕಮ್ಮಿಯಾದ್ರೆ ಗಾಯ ಮಾಯಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡಬೇಡಿ.

ರೆಟಿನೋಪತಿ ಶುರುವಲ್ಲಿ ನೋವೂ ಇಲ್ಲ, ಮಸುಕೂ ಇಲ್ಲ. ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ನೋಡಿಸ್ಲೇಬೇಕು, ಚಿಕ್ಕಮಗಳೂರು ಜಿಲ್ಲಾಸ್ಪತ್ರೆಯೋ ನಮ್ಮ ಹಾಸನದ ಹಿಮ್ಸ್ ಆಸ್ಪತ್ರೆಯೋ ಯಾವುದಾದ್ರೂ ಸರಿ. ಆ ದಿನ ಬೈಕ್ ಬೇಡ, ಕಣ್ಣು ಮಂಜಾಗಿರುತ್ತೆ.

ಮೂಡಿಗೆರೆ ರೈಟರ್
ಅಮ್ಮಾ, ಈಗ ತಲೆಗೆ ಹೋಯ್ತು. ಬೀಡಿ ಬಿಟ್ರೆ ಬೆರಳು ಮೊದಲಿನ ಹಾಗಾಗುತ್ತಾ? ಮೇಸ್ತ್ರಿ ಬೀಡಿ ಬದಲು ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ಕೊಳ್ಳಿ ಅಂತಾನೆ.

ಹಾಸನದ ನಿವೃತ್ತ ನರ್ಸಮ್ಮ
ಮೇಸ್ತ್ರಿ ಮಾತು ಬೇಡ, ಹೊಗೆಸೊಪ್ಪಲ್ಲೂ ಅದೇ ನಿಕೋಟಿನ್, ಮೇಲೆ ಬಾಯಿ ಕ್ಯಾನ್ಸರಿನ ಭಯ. ಬಿಗಿದ ಬೆರಳು ಪೂರ್ತಿ ಬಿಡುತ್ತೆ ಅಂತ ಸುಳ್ಳು ಹೇಳಲ್ಲ. ಸಕ್ಕರೆ ಹತೋಟಿಗೆ ಬಂದು ಬೀಡಿ ನಿಂತ್ರೆ ಮುಂದಿನ ಹಾನಿ ತಗ್ಗುತ್ತೆ. ಭುಜ ಸಾಮಾನ್ಯವಾಗಿ ಫಿಸಿಯೋದಿಂದ ನಿಧಾನಕ್ಕೆ ಸಡಿಲ ಆಗುತ್ತೆ, ಒಂದೆರಡು ವರ್ಷವೂ ಹಿಡೀಬಹುದು. ಬಿಟ್ಟ ಹೊಸದರಲ್ಲಿ ಹಸಿವು ಜಾಸ್ತಿ, ತೂಕ ಏರಿ ಸಕ್ಕರೆಯೂ ಸ್ವಲ್ಪ ಮೇಲೆ ಹೋಗಬಹುದು. ಹೆದರಿ ಮತ್ತೆ ಹಚ್ಚಬೇಡಿ, ಮಾತ್ರೆ ಬದಲಿಸಬೇಕಾ ಅಂತ ಡಾಕ್ಟ್ರನ್ನ ಕೇಳಿ. ತಡೆಯೋಕಾಗ್ದಿದ್ರೆ ತಂಬಾಕು ಬಿಡಿಸೋ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ಕಾಸಿಲ್ಲ.