ಎರೆ ಹೊಲದಲ್ಲಿ ಬೀಜ ಒಂದೇ ಆಳಕ್ಕೆ ಬೀಳಬೇಕಂದ್ರೆ ಏನ್ ಮಾಡ್ತೀರಿ?

ನಮ್ಮದು ಜಿಗುಟು ಎರೆ ಮಣ್ಣು. 9 ಸಾಲು ಒಟ್ಟಿಗೆ ಬಿತ್ತುವ, ಟ್ರ್ಯಾಕ್ಟರ್ ಹಿಂದೆ ಕಟ್ಟುವ ಸೀಡ್ ಡ್ರಿಲ್‌ನಲ್ಲಿ ಗೋಧಿ ಬಿತ್ತಿದ್ದೇನೆ. ಕೆಲವು ಕಡೆ ಕಾಳು ಮೇಲೆಯೇ ಕಾಣುತ್ತಿದೆ, ಕೆಲವು ಕಡೆ ಎಷ್ಟು ಕೆದಕಿದರೂ ಸಿಗುತ್ತಿಲ್ಲ. ತಪ್ಪು ಡ್ರಿಲ್ಲಿನದಾ, ಮಣ್ಣಿನದಾ? ಅನುಭವ ಇದ್ದವರು ಹೇಳಿ.

— ಮೊದಲು ಹೈಡ್ರಾಲಿಕ್ ಲಿವರ್ (ಹಿಂದೆ ಕಟ್ಟಿದ್ದನ್ನು ಎತ್ತಿಳಿಸುವ ಹಿಡಿ) ಎಲ್ಲಿದೆ ನೋಡಿ ಅಣ್ಣಾ. ನೇಗಿಲು ಹೊಡೆದ ಮೇಲೆ ಡ್ರಾಫ್ಟ್ ಕಂಟ್ರೋಲ್‌ನಲ್ಲೇ ಬಿಟ್ಟಿದ್ದರೆ, ಮಣ್ಣು ಬಿಗಿ ಸಿಕ್ಕಲ್ಲೆಲ್ಲ ಟ್ರ್ಯಾಕ್ಟರ್ ತಾನೇ ಡ್ರಿಲ್ಲನ್ನು ಮೇಲೆತ್ತುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಪೊಸಿಷನ್‌ಗೆ ಹಾಕಿ, ಆಗ ಡ್ರಿಲ್ ಇಟ್ಟ ಎತ್ತರದಲ್ಲೇ ನಿಲ್ಲುತ್ತದೆ. ಡೆಪ್ತ್ ವೀಲ್ (ಆಳ ಹಿಡಿಯುವ ಗಾಲಿ) ಇದ್ದರೆ ಡ್ರಿಲ್ಲಿನ ಭಾರ ಅದರ ಮೇಲೆ ಕೂರಲಿ. ಟಾಪ್ ಲಿಂಕ್ (ಡ್ರಿಲ್ಲನ್ನು ಮೇಲಿನಿಂದ ಟ್ರ್ಯಾಕ್ಟರಿಗೆ ಹಿಡಿಯುವ ಸರಳು) ಜಾಸ್ತಿ ಬಿಗಿ ಮಾಡಿದರೂ ಕಷ್ಟ, ಡ್ರಿಲ್ಲಿನ ಮುಂಭಾಗದ ಹಲ್ಲು ಆಳಕ್ಕೆ ಹೋಗುತ್ತದೆ, ಹಿಂದಿನದು ತೇಲುತ್ತದೆ.

— ಸೆಟ್ಟಿಂಗ್ ಎಲ್ಲಾ ಸರಿ, ಆದರೆ ಎರೆಯಲ್ಲಿ ಮೊದಲು ಹದ, ಆಮೇಲೆ ಉಳಿದದ್ದು. ಮೇಲ್ಮಣ್ಣು ನೋಡಿ ಮೋಸ ಹೋಗಬೇಡಿ. ಬೀಜ ಬೀಳುವ ಆಳದಿಂದ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಹೊಸೆಯಿರಿ. ಶಾವಿಗೆ ಹಾಗೆ ಉದ್ದಕ್ಕೆ ಬಂತೋ, ಇನ್ನೂ ಹಸಿ ಜಾಸ್ತಿ, ಡ್ರಿಲ್ ಇಳಿಸಬೇಡಿ. ಅಂಥ ಹಸಿಯಲ್ಲಿ ಬಿತ್ತಿದರೆ ಕುಳ (ಮಣ್ಣು ಸೀಳುವ ಹಲ್ಲಿನ ತುದಿ) ಸಾಲಿನ ಗೋಡೆಯನ್ನು ಸವರಿದ ಹಾಗೆ ನುಣ್ಣಗೆ ಮಾಡುತ್ತದೆ, ಸಾಲು ಮುಚ್ಚುವುದಿಲ್ಲ, ಮಣ್ಣು ಒಣಗುತ್ತಾ ಬಿರುಕು ಬಿಡುವುದೂ ಅಲ್ಲೇ. ನಿಮಗೆ ಕಾಣುತ್ತಿರುವ ಕಾಳು ಮೇಲೆ ಬಿದ್ದದ್ದೇ ಅಲ್ಲದಿರಬಹುದು, ಸಾಲು ಬಾಯಿ ಬಿಟ್ಟಿದ್ದರಿಂದ ಕಾಣುತ್ತಿರಬಹುದು. ಇಳಿಜಾರಿನ ತಗ್ಗಿನಲ್ಲಿ ಹೀಗಾಗುವುದು ಜಾಸ್ತಿ, ಅಲ್ಲಿ ತಡವಾಗಿ ಒಣಗುತ್ತದಲ್ವಾ.

ಪೂರಾ ಒಣಗಿದ್ದರೆ ಹೆಂಟೆಯ ಕಾಟ. ಕುಳ ಹೆಂಟೆ ಹತ್ತಿ ಇಳಿಯುತ್ತದೆ, ಬೀಜ ಸಂದಿಯಲ್ಲಿ ಜಾರಿ ಎಲ್ಲೋ ಹೋಗುತ್ತದೆ. ಅದಕ್ಕೆ ಅಂತ ಸುಮ್ನೆ ರೋಟವೇಟರ್ ಮೇಲೆ ರೋಟವೇಟರ್ ಹೊಡೆಯಬೇಡಿ, ಪುಡಿಯಾದ ಮಣ್ಣು ಮಳೆ ಬಿದ್ದರೆ ಹೆಪ್ಪುಗಟ್ಟುತ್ತದೆ. ಎರೆ ಒಮ್ಮೆ ನೆನೆದು ಒಣಗಿದರೆ ಹೆಂಟೆ ತಾನೇ ಸಡಿಲವಾಗುತ್ತದೆ. ಆಗ ಕುಂಟೆ ಹೊಡೆದರೆ ಸಾಕು.

— ವೇಗ ಯಾರೂ ಹೇಳಲಿಲ್ಲ. ಹೆಂಟೆ ಹೊಲದಲ್ಲಿ ಜೋರು ಓಡಿಸಿದರೆ ಡ್ರಿಲ್ ಕುಣಿಯುತ್ತದೆ, ಅಷ್ಟೇ. ಗಂಟೆಗೆ 4-5 ಕಿ.ಮೀ. ಸಾಕು.

— ಡ್ರಿಲ್ಲಾ ಮಣ್ಣಾ ಅಂತ ಕೇಳಿದ್ದೀರಲ್ಲ, ಅದನ್ನು ಪೈರೇ ಹೇಳುತ್ತದೆ. ಮೊಳಕೆ ಬಂದ ಮೇಲೆ ಒಂದೊಂದು ಸಾಲಿನಿಂದ ಕೆಲವು ಗಿಡ ಕಾಳಿನ ಸಮೇತ ಅಗೆದು ತೆಗೆಯಿರಿ. ಕಾಳಿನಿಂದ ಹಸಿರು ಶುರುವಾಗುವ ತನಕ ಬಿಳಿ ಭಾಗ ಎಷ್ಟಿದೆ ಅಳೆಯಿರಿ, ಬಿದ್ದ ಆಳ ಹೆಚ್ಚುಕಡಿಮೆ ಅಷ್ಟೇ. ಗೋಧಿಗೆ 4-5 ಸೆಂ.ಮೀ. ಚೆನ್ನ. ಹೊಲದ ಉದ್ದಕ್ಕೂ ಅದೇ ಸಾಲುಗಳು ಕೆಟ್ಟಿದ್ದರೆ ಡ್ರಿಲ್ಲಿನ ತಪ್ಪು: ಕುಳ ಸವೆದಿರುತ್ತದೆ, ಹಲ್ಲು ಬಾಗಿರುತ್ತದೆ, ಇಲ್ಲವೇ ಆ ಸಾಲು ಟ್ರ್ಯಾಕ್ಟರ್ ಗಾಲಿ ತುಳಿದ ಜಾಗದಲ್ಲಿ ಬರುತ್ತದೆ. ಗಾಲಿ ಹಿಂದಿನ ಹಲ್ಲನ್ನು ಸ್ವಲ್ಪ ಇಳಿಸಿ ಕಟ್ಟಿ. ಒಂದು ತುಂಡು ಜಾಗದಲ್ಲಿ ಎಲ್ಲ ಸಾಲೂ ಕೆಟ್ಟಿದ್ದರೆ ಮಾತ್ರ ಮಣ್ಣನ್ನು ಬೈಯಿರಿ.

— ಇನ್ನೊಂದು. ತಿರುವಿನಲ್ಲಿ ಡ್ರಿಲ್ ಇಳಿಸಿ ಹಿಂದಕ್ಕೆ ಸರಿಯಬೇಡಿ, ಪೈಪಿನ ಬಾಯಿಗೆ ಜೇಡಿ ಮೆತ್ತುತ್ತದೆ. ಆಮೇಲೆ ಆ ಸಾಲಿಗೆ ಬೀಜವೇ ಬೀಳುವುದಿಲ್ಲ. ನೀವು ಎಷ್ಟು ಕೆದಕಿದರೂ ಸಿಗದ ಕಾಳು ಇದೇ ಇರಬಹುದು.