ನೇತ್ರಾಣಿ ಡೈವಿಂಗ್: ಸೊಳ್ಳೆಗೆ ಏನು ತಯಾರಿ?

ಪ್ರಶ್ನೆ: ನವೆಂಬರಿನಲ್ಲಿ ಶಿರಸಿಯಿಂದ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡುವ ಯೋಚನೆ. ಡೆಂಗಿ ಭಯ. ಸೊಳ್ಳೆ ಕ್ರೀಮು ಹಚ್ಚಿಕೊಂಡೇ ನೀರಿಗಿಳಿಯಬಹುದಾ?

ಉತ್ತರ 1: ಬೇಡ. ನೀರಲ್ಲಿ ತೊಳೆದುಹೋಗ್ತದೆ. ಡೀಟ್ (ಸೊಳ್ಳೆ ಓಡಿಸೋ ರಾಸಾಯನಿಕ) ಇರೋ ಕ್ರೀಮಾದ್ರೆ ಪ್ಲಾಸ್ಟಿಕ್ಕನ್ನೂ ತಿಂತದೆ. ಮಾಸ್ಕಿನ ಚೌಕಟ್ಟು, ಕ್ಯಾಮೆರಾ ಕವಚ ಹಾಳು. ಸಲಕರಣೆ ಮುಟ್ಟೋ ಮೊದಲು ಕೈ ಸೋಪು ಹಾಕಿ ತೊಳೀರಿ. ಡೈವ್ ಮುಗಿದು ಮೈ ಒರೆಸಿಕೊಂಡ ಮೇಲೆ ಮೊದಲು ಸನ್‌ಸ್ಕ್ರೀನ್, ಅದು ಆರಿದ ಮೇಲೆ ಕ್ರೀಮು. ಡೆಂಗಿ ಸೊಳ್ಳೆ ಕಚ್ಚೋದು ಹಗಲು ಹೊತ್ತು, ರಾತ್ರಿ ಪರದೆ ಕಟ್ಟಿದ್ರೆ ಸಾಲದು.

ಉತ್ತರ 2: ಯಾರಾದ್ರೂ ಮಲೇರಿಯಾ ತಡೆಗೆ ಮೆಫ್ಲೋಕ್ವಿನ್ ನುಂಗಿ ಅಂದ್ರೆ ಕೇಳಬೇಡಿ. ಅದರಿಂದ ತಲೆಸುತ್ತು ಬಂದ್ರೆ ಡಿಕಂಪ್ರೆಷನ್ ತೊಂದರೆಯೋ (ಆಳದಿಂದ ಬೇಗ ಮೇಲೆ ಬಂದಾಗ ಮೈಯೊಳಗೆ ಗಾಳಿಗುಳ್ಳೆ ಏಳೋದು) ಮಾತ್ರೆಯದ್ದೋ ತಿಳಿಯೋದಿಲ್ಲ. ಜ್ವರ ಬಂದ್ರೆ ಡೈವ್ ರದ್ದು, ರಕ್ತಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ತಗೊಂಡ್ರೆ ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು.

ಉತ್ತರ 3: ಅಂದಹಾಗೆ, ಮಂಗನ ಕಾಯಿಲೆ ಸೊಳ್ಳೆಯದ್ದಲ್ಲ, ಉಣುಗಿನದ್ದು. ದಾರಿಯಲ್ಲಿ ಕಾಡು ಹೊಕ್ಕರೆ ಪ್ಯಾಂಟಿನ ತುದಿ ಸಾಕ್ಸಿನೊಳಗೆ ತುರುಕಿ.